ಸ್ವನಿರ್ಮಿತ ಲಘು ವಿಮಾನ: ಸುರಕ್ಷತೆಯ ಮೊದಲ ವೆಚ್ಚ ಯಾವುದಕ್ಕೆ?

ಅಮೆರಿಕದಲ್ಲಿ ಹವ್ಯಾಸಿಯೊಬ್ಬನು ತನ್ನ ಮನೆಯ ಗ್ಯಾರೇಜಿನಲ್ಲಿಯೇ ವಿಮಾನವನ್ನು ನಿರ್ಮಿಸಿ ಹಾರಿಸಲು ಕಾನೂನಿನ ಅವಕಾಶವಿದೆ. ನಿರ್ಮಾಣ ಕಾರ್ಯದ ಹೆಚ್ಚಿನ ಭಾಗವು, ರೂಢಿಯ ಮಾತಿನಲ್ಲಿ ಶೇ. 51ರಷ್ಟು, ಕಲಿಕೆ ಅಥವಾ ವಿನೋದಕ್ಕಾಗಿ ಹವ್ಯಾಸಿಗಳಿಂದಲೇ ಆಗಿರಬೇಕೆಂಬುದು ನಿಯಮ. ಇಂತಹ ವಿಮಾನಕ್ಕೆ ‘ಪ್ರಾಯೋಗಿಕ’ ವರ್ಗದ ಪ್ರಮಾಣಪತ್ರ ದೊರೆಯುತ್ತದೆ. ಕಾರ್ಖಾನೆಯಲ್ಲಿ ತಯಾರಾದ ವಿಮಾನಗಳ ವಿನ್ಯಾಸ ಮಾನದಂಡಗಳು ಇದಕ್ಕೆ ಕಡ್ಡಾಯವಲ್ಲ. ಆದ್ದರಿಂದ ಯಾವ ಉಪಕರಣವನ್ನು ಎಲ್ಲಿ ಅಳವಡಿಸಬೇಕು, ಕೈಯಲ್ಲಿರುವ ಹಣವನ್ನು ಮೊದಲು ಯಾವುದಕ್ಕೆ ವಿನಿಯೋಗಿಸಬೇಕು ಎಂಬ ನಿರ್ಧಾರ ಬಹುಮಟ್ಟಿಗೆ ನಿರ್ಮಾಪಕನದೇ. ಈ ನಿರ್ಧಾರ ತಪ್ಪಿದಲ್ಲಿ ಅದರ ಬೆಲೆ ತೆರುವವನು ಮಾತ್ರ ಬೇರೊಬ್ಬನಾಗಿರಬಹುದು.

1997ರ ಅಕ್ಟೋಬರ್ 12ರಂದು ಪ್ರಸಿದ್ಧ ಗಾಯಕ ಜಾನ್ ಡೆನ್ವರ್ ಅವರು ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ ವಿಮಾನ ಪತನದಿಂದ ಮೃತಪಟ್ಟರು. ಬರ್ಟ್ ರುಟಾನ್ ಅವರ ವಿನ್ಯಾಸದ ‘ಲಾಂಗ್-ಈಝಿ’ ಎಂಬ ಆ ವಿಮಾನವನ್ನು ಕಟ್ಟಿದವರು ಬೇರೆಯವರು. ಡೆನ್ವರ್ ಅದನ್ನು ಆಗಷ್ಟೇ ಕೊಂಡಿದ್ದರು. ಎರಡು ಟ್ಯಾಂಕುಗಳ ಪೈಕಿ ಯಾವುದರಿಂದ ಇಂಧನ ಹರಿಯಬೇಕೆಂಬುದನ್ನು ಬದಲಿಸುವ ಕವಾಟದ ಹಿಡಿಕೆಯು ಮೂಲ ನಕ್ಷೆಯ ಪ್ರಕಾರ ಪೈಲಟನ ಕಾಲುಗಳ ನಡುವೆ ಇರಬೇಕಿತ್ತು. ಇಂಧನದ ಕೊಳವೆಗಳು ಪೈಲಟ್ ಕೂರುವ ಜಾಗಕ್ಕೆ ಬರಬಾರದೆಂದು ನಿರ್ಮಾಪಕರು ಅದನ್ನು ಪೈಲಟನ ಎಡ ಭುಜದ ಹಿಂಭಾಗಕ್ಕೆ ಸ್ಥಳಾಂತರಿಸಿದ್ದರು. ಗಮನಿಸಬೇಕಾದುದೆಂದರೆ, ಇದೂ ಸುರಕ್ಷತೆಯ ದೃಷ್ಟಿಯಿಂದಲೇ ಕೈಗೊಂಡ ಕ್ರಮ. ಒಂದು ಅಪಾಯವನ್ನು ದೂರವಿಡಲು ಹೋಗಿ ಮತ್ತೊಂದನ್ನು ಬರಮಾಡಿಕೊಂಡಂತಾಯಿತು.

ಅಂದು ಹಾರುವ ಮುನ್ನ ತಂತ್ರಜ್ಞರೊಬ್ಬರು ಇಂಧನ ಕಡಿಮೆಯಿರುವುದನ್ನು ಡೆನ್ವರ್ ಅವರಿಗೆ ತಿಳಿಸಿದ್ದರು. ಸುಮಾರು ಒಂದು ಗಂಟೆಯ ಹಾರಾಟವಷ್ಟೇ ಎಂದು ಅವರು ಇಂಧನ ತುಂಬಿಸಲಿಲ್ಲ. ಹಿಂದಿದ್ದ ಇಂಧನ ಮಾಪಕವನ್ನು ನೋಡಲು ಒಂದು ಕನ್ನಡಿಯನ್ನು ಕೊಡಲಾಯಿತು. ಹಿಡಿಕೆಗೆ ಇಕ್ಕಳ ಸಿಕ್ಕಿಸಿ ಉದ್ದ ಮಾಡುವ ಯತ್ನವೂ ನಡೆದು ವಿಫಲವಾಯಿತು. ಹಿಡಿಕೆಯನ್ನು ತಿರುಗಿಸಲು ನಿಯಂತ್ರಣ ದಂಡವನ್ನು ಬಿಟ್ಟು ಮೈಯನ್ನು ಹಿಂದಕ್ಕೆ ತಿರುಚಬೇಕಿತ್ತು, ಹಾಗೆ ತಿರುಚುವಾಗ ಬಲಗಾಲು ತಾನಾಗಿಯೇ ರಡ್ಡರ್ ಪೆಡಲನ್ನು ಒತ್ತುತ್ತಿತ್ತು. ಗಮನ ಬೇರೆಡೆ ಹರಿದು, ಅರಿವಿಲ್ಲದೆ ಬಲ ರಡ್ಡರ್ ಒತ್ತಿದ್ದರಿಂದ ನಿಯಂತ್ರಣ ತಪ್ಪಿತೆಂದು ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು ನಿರ್ಣಯಿಸಿತು. ಗುರುತುಗಳಿಲ್ಲದ ಹಿಡಿಕೆ, ಗುರುತುಗಳಿಲ್ಲದ ಮಾಪಕ ಮತ್ತು ಸಾಲದ ತರಬೇತಿಯನ್ನೂ ಅದು ಕಾರಣಗಳಲ್ಲಿ ಸೇರಿಸಿತು. ಡೆನ್ವರ್ ಅವರಿಗೆ 2,700ಕ್ಕೂ ಹೆಚ್ಚು ಗಂಟೆಗಳ ಹಾರಾಟದ ಅನುಭವವಿತ್ತು. ಆದರೆ ಈ ವಿಮಾನದ ಪರಿಚಯ ಪಡೆದದ್ದು ಹಿಂದಿನ ದಿನ, ಸುಮಾರು ಅರ್ಧ ಗಂಟೆ.

ಇದೇ ಮಂಡಳಿಯ 2012ರ ಅಧ್ಯಯನದ ಪ್ರಕಾರ, ಖಾಸಗಿ ಲಘು ವಿಮಾನಗಳ ವಲಯದಲ್ಲಿ ಸುಮಾರು ಶೇ. 10ರಷ್ಟಿದ್ದ ಸ್ವನಿರ್ಮಿತ ವಿಮಾನಗಳ ಪಾಲು 2011ರ ಒಟ್ಟು ಅಪಘಾತಗಳಲ್ಲಿ ಶೇ. 15, ಪ್ರಾಣಹಾನಿಯಾದ ಅಪಘಾತಗಳಲ್ಲಿ ಶೇ. 21. ಎಂಜಿನ್ ವೈಫಲ್ಯ ಮತ್ತು ಹಾರಾಟದಲ್ಲಿ ನಿಯಂತ್ರಣ ತಪ್ಪುವುದು ಮುಖ್ಯ ಕಾರಣಗಳು.

ವೆಚ್ಚದ ಕ್ರಮವೂ ಇದನ್ನೇ ಅನುಸರಿಸಬೇಕಲ್ಲವೇ? ಮೊದಲು ಇಂಧನ ವ್ಯವಸ್ಥೆ ಮತ್ತು ಎಂಜಿನ್. ಬಳಿಕ ಭುಜಪಟ್ಟಿ ಸಹಿತವಾದ ಸೀಟ್ ಬೆಲ್ಟ್, ರೆಕ್ಕೆಯ ಎತ್ತುವ ಶಕ್ತಿ ಕುಸಿಯುವ ಮುನ್ನ ಎಚ್ಚರಿಸುವ ಸೂಚಕ. ಬಣ್ಣದ ಪರದೆಗಳ ಸರದಿ ಆನಂತರದ್ದು. ಆದರೆ ಪರದೆ ಕೊಳ್ಳುವವನ ಕಣ್ಣಿಗೆ ಬೀಳುತ್ತದೆ, ಮಾರಾಟದ ಬೆಲೆಯನ್ನೂ ಏರಿಸುತ್ತದೆ. ಸರಿಯಾಗಿ ಜೋಡಿಸಿದ ಇಂಧನ ಕೊಳವೆಗೆ ಆ ಭಾಗ್ಯವಿಲ್ಲ. ಇಡೀ ವಿಮಾನವನ್ನೇ ಇಳಿಸಬಲ್ಲ ಪ್ಯಾರಾಚೂಟ್ ಉಪಯುಕ್ತವೇ ಆದರೂ ದುಬಾರಿ. ಅತಿ ಕಡಿಮೆ ಎತ್ತರದಲ್ಲಿ ಅದು ಬಿಚ್ಚಿಕೊಳ್ಳಲು ಸಮಯವೂ ಸಾಲದು.

ಅತಿ ಮುಖ್ಯವಾದ ಪರೀಕ್ಷೆಗೆ ತಗಲುವ ಖರ್ಚು ಅತ್ಯಲ್ಪ. ವಿಮಾನದ ಮೂತಿಯನ್ನು ಮೇಲೇರುವ ಕೋನಕ್ಕೆ ಎತ್ತಿ ನಿಲ್ಲಿಸಿ, ಎಂಜಿನ್ನಿಗೆ ಹೋಗುವ ಕೊಳವೆಯನ್ನು ಬಿಚ್ಚಿ, ನಿಮಿಷಕ್ಕೆಷ್ಟು ಇಂಧನ ಹರಿಯುತ್ತದೆಂದು ಅಳೆಯುವುದು. ಪಂಪ್ ಇದ್ದಲ್ಲಿ ಎಂಜಿನ್ನಿನ ಗರಿಷ್ಠ ಬಳಕೆಯ ಶೇ. 125, ಗುರುತ್ವದಿಂದಲೇ ಹರಿಯುವುದಾದರೆ ಶೇ. 150 ದೊರೆಯಬೇಕು. ಇದಕ್ಕೆ ಬೇಕಾದುದು ಒಂದು ಅಳತೆಯ ಡಬ್ಬಿ, ಒಂದು ಗಡಿಯಾರ ಮತ್ತು ಪಕ್ಕದಲ್ಲಿ ಅಗ್ನಿಶಾಮಕ.

ಹೊಸದಾಗಿ ಕಟ್ಟಿದ ವಿಮಾನವು ಸಾಮಾನ್ಯವಾಗಿ 25 ಅಥವಾ 40 ಗಂಟೆಗಳ ಪರೀಕ್ಷಾ ಹಾರಾಟವನ್ನು ಪೂರೈಸಬೇಕು. ಅದೇ ವಿಮಾನ ಕೈ ಬದಲಾಯಿಸಿದಾಗ ಈ ಪರೀಕ್ಷೆ ಮರುಕಳಿಸುವುದಿಲ್ಲ; 2011ರಲ್ಲಿ ಅಪಘಾತಕ್ಕೀಡಾದ ಸ್ವನಿರ್ಮಿತ ವಿಮಾನಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಬಳಸಿದ ವಿಮಾನವಾಗಿ ಕೊಂಡವು. ಹೀಗಾಗಿ ಖರೀದಿದಾರನು ಬೆಲೆ ಮಾತನಾಡುವಾಗಲೇ ನಿರ್ಮಾಣದ ದಾಖಲೆ ಪುಸ್ತಕ, ಇಂಧನ ಪರೀಕ್ಷೆಯ ಅಂಕಿಗಳು ಹಾಗೂ ಮೂಲ ನಕ್ಷೆಯಿಂದ ಮಾಡಿದ ಬದಲಾವಣೆಗಳ ಪಟ್ಟಿಯನ್ನು ಕೇಳಿ ಪಡೆಯತಕ್ಕದ್ದು. ಅದೇ ಮಾದರಿಯನ್ನು ಬಲ್ಲ ಶಿಕ್ಷಕರೊಡನೆ ಹಾರುವ ಗಂಟೆಗಳ ಶುಲ್ಕವನ್ನೂ ಖರೀದಿಯ ವೆಚ್ಚಕ್ಕೇ ಸೇರಿಸತಕ್ಕದ್ದು.