ಒಡಹುಟ್ಟಿದವರ ಅಗಲಿಕೆ ಮತ್ತು ಹದಿಹರೆಯದ ದುಃಖ

ಮನೆಯಲ್ಲಿ ಮಗನೋ ಮಗಳೋ ಅಕಾಲದಲ್ಲಿ ತೀರಿಕೊಂಡಾಗ ಬಂಧುಗಳೂ ನೆರೆಹೊರೆಯವರೂ ಮೊದಲು ಸಂತೈಸುವುದು ತಾಯಿತಂದೆಯರನ್ನು. ಅದು ಸಹಜ. ಆದರೆ ಅದೇ ಮನೆಯಲ್ಲಿ ಅಣ್ಣನನ್ನೋ ಅಕ್ಕನನ್ನೋ ತಮ್ಮನನ್ನೋ ತಂಗಿಯನ್ನೋ ಕಳೆದುಕೊಂಡ ಇನ್ನೊಂದು ಮಗುವೂ ಇರುತ್ತದೆ. ಆ ಮಗು ಹದಿಹರೆಯದ್ದಾಗಿದ್ದರೆ ಹಿರಿಯರು ಅದಕ್ಕೆ ಹೇಳುವ ಮಾತು ಬಹುಮಟ್ಟಿಗೆ ಒಂದೇ: "ಇನ್ನು ಅಪ್ಪ ಅಮ್ಮನಿಗೆ ನೀನೇ ಧೈರ್ಯ." ಒಳ್ಳೆಯ ಮನಸ್ಸಿನಿಂದ ಆಡಿದ ಮಾತಾದರೂ, ಅಳಬೇಕಾದ ಮಗುವಿನ ತಲೆಯ ಮೇಲೆ ಅದು ಭಾರವನ್ನು ಹೊರಿಸುತ್ತದೆ.

ಪುಣೆಯಲ್ಲಿ ನೆಲೆಸಿದ ಒಂದು ಕನ್ನಡ ಕುಟುಂಬವನ್ನು ಉದಾಹರಣೆಯಾಗಿ ಊಹಿಸಿಕೊಳ್ಳಬಹುದು. ಮಗಳು 10ನೆಯ ತರಗತಿಯಲ್ಲಿದ್ದಾಳೆ. ಅವಳ ಅಣ್ಣ ರಸ್ತೆ ಅಪಘಾತದಲ್ಲಿ ತೀರಿಕೊಂಡಿದ್ದಾನೆ. ಉತ್ತರಕ್ರಿಯೆಗಳು ಊರಿನಲ್ಲಿ ನಡೆದವು; 13 ದಿನಗಳವರೆಗೆ ಮನೆಯ ತುಂಬ ಜನರಿದ್ದರು. ಬಳಿಕ ಮೂವರೇ ಪುಣೆಗೆ ಮರಳಿದರು. ಅಣ್ಣನನ್ನು ಎತ್ತಿ ಆಡಿಸಿದ ಅಜ್ಜಿಯೂ ಸೋದರಮಾವನೂ ಊರಿನಲ್ಲಿಯೇ ಉಳಿದರು. ಕನ್ನಡಕ್ಕೆ ಮರಾಠಿ ಬೆರೆಸಿ ಅಣ್ಣತಂಗಿಯರು ತಮ್ಮಲ್ಲೇ ಆಡಿಕೊಳ್ಳುತ್ತಿದ್ದ ಮಾತನ್ನು ಆಡಲು ಈಗ ಅವಳಿಗೆ ಯಾರೂ ಇಲ್ಲ. ಅಮ್ಮ ಅತ್ತಾಳೆಂದು ಅವಳು ಅಣ್ಣನ ಹೆಸರೆತ್ತುವುದಿಲ್ಲ. ಮಗಳು ನೊಂದಾಳೆಂದು ತಾಯಿಯೂ ಎತ್ತುವುದಿಲ್ಲ. ಒಬ್ಬರನ್ನೊಬ್ಬರು ಕಾಪಾಡುವ ಯತ್ನದಲ್ಲಿಯೇ ಮನೆಯೊಳಗೆ ಮೌನ ಬೆಳೆಯುತ್ತದೆ. ಇಂಥ ಮೌನವನ್ನು ಮುರಿಯುವುದೇ ಹದಿಹರೆಯದವರಿಗೆ ದೊರೆಯಬೇಕಾದ ಮೊದಲ ನೆರವು.

ದುಃಖ ತೋರುವ ಬಗೆ

ಹದಿಹರೆಯದವರು ಸಾವಿನ ಅರ್ಥವನ್ನು ದೊಡ್ಡವರಂತೆಯೇ ಬಲ್ಲರು. ಆದರೆ ಅಂಥ ನೋವನ್ನು ತಾಳಿಕೊಂಡ ಅನುಭವ ಅವರಿಗಿರುವುದಿಲ್ಲ. ಆದ್ದರಿಂದ ಅವರ ದುಃಖ ಸದಾ ಕಣ್ಣೀರಾಗಿಯೇ ಕಾಣಿಸಬೇಕೆಂದಿಲ್ಲ. ಸಣ್ಣ ಮಾತಿಗೂ ಸಿಟ್ಟು, ನಿದ್ರಾಭಂಗ, ತಲೆನೋವು, ಹೊಟ್ಟೆನೋವು, ಓದಿನಲ್ಲಿ ಅಲಕ್ಷ್ಯ, ಗೆಳೆಯರಿಂದ ದೂರ ಸರಿಯುವುದು ಇವೆಲ್ಲ ದುಃಖದ ರೂಪಗಳಾಗಿರಬಹುದು. ಕೆಲವರು ಏನೂ ಆಗಿಲ್ಲವೆಂಬಂತೆ ಮನೆಗೆಲಸ, ಓದು ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡತೊಡಗುತ್ತಾರೆ. ಇವರನ್ನು ಗಟ್ಟಿಗರೆಂದು ಹೊಗಳಿ ಸುಮ್ಮನಾಗಬಾರದು.

ಒಡಹುಟ್ಟಿದವರ ನಡುವೆ ಪ್ರೀತಿಯಷ್ಟೇ ಜಗಳವೂ ಇರುತ್ತದೆ. "ಹಿಂದಿನ ದಿನವಷ್ಟೇ ಜಗಳವಾಡಿದ್ದೆ", "ಅವನ ಬದಲು ನಾನೇ ಹೋಗಬೇಕಿತ್ತು" ಎಂಬ ಅಪರಾಧಿ ಭಾವ ಅನೇಕರನ್ನು ಒಳಗೊಳಗೇ ಕಾಡುತ್ತದೆ. ಜಗಳದಿಂದ ಸಾವು ಬರುವುದಿಲ್ಲ ಎಂಬುದನ್ನು ಹಿರಿಯರು ಬಾಯಿಬಿಟ್ಟು ಹೇಳಬೇಕು.

ದುಃಖಕ್ಕೆ ವೇಳಾಪಟ್ಟಿಯಿಲ್ಲ

ದುಃಖವು ಐದು ಹಂತಗಳಲ್ಲಿ ಸಾಗಿ ಮುಗಿಯುತ್ತದೆಂಬ ಮಾತು ಪ್ರಚಾರದಲ್ಲಿದೆ. ಈ ಹಂತಗಳನ್ನು 1969ರಲ್ಲಿ ವಿವರಿಸಿದ ಮನೋವೈದ್ಯೆ ಎಲಿಜಬೆತ್ ಕ್ಯೂಬ್ಲರ್ ರಾಸ್ ಅವರು ಸಾವಿನ ಸಮೀಪದಲ್ಲಿದ್ದ ರೋಗಿಗಳೊಡನೆ ಮಾತನಾಡಿ ಅವನ್ನು ಗುರುತಿಸಿದ್ದರು. ಅಗಲಿಕೆಯ ದುಃಖ ಮೆಟ್ಟಿಲು ಹತ್ತಿದಂತೆ ಕ್ರಮವಾಗಿ ಸಾಗುವುದಿಲ್ಲ. ದುಃಖಿಗಳ ಮನಸ್ಸು ನೋವಿನ ಕಡೆಗೂ ದಿನನಿತ್ಯದ ಬದುಕಿನ ಕಡೆಗೂ ಉಯ್ಯಾಲೆಯಂತೆ ತೂಗುತ್ತಿರುತ್ತದೆ ಎಂದು ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ ಎಂಬ ಸಂಶೋಧಕರು 1999ರಲ್ಲಿ ವಿವರಿಸಿದರು. ಬೆಳಿಗ್ಗೆ ಅತ್ತ ಹುಡುಗ ಸಂಜೆ ಕ್ರಿಕೆಟ್ ಆಡಿ ನಕ್ಕರೆ ಅವನು ಕಲ್ಲೆದೆಯವನಲ್ಲ. ಆ ಬಿಡುವು ಅವನಿಗೆ ಅವಶ್ಯಕ.

ಅಗಲಿದವರನ್ನು ಮರೆಯುವುದೇ ಚೇತರಿಕೆ ಎಂಬುದೂ ಸರಿಯಲ್ಲ. ಅಣ್ಣನ ಕೈಗಡಿಯಾರವನ್ನು ಕಟ್ಟಿಕೊಳ್ಳುವುದು, ಅಕ್ಕ ಮೆಚ್ಚಿದ್ದ ಹಾಡನ್ನು ಕೇಳುವುದು, ನೆನಪುಗಳನ್ನು ಬರೆದಿಡುವುದು ನೋವನ್ನು ಕೆದಕುವ ಕೆಲಸಗಳಲ್ಲ. ಸಂಬಂಧಕ್ಕೆ ಹೊಸ ಸ್ಥಾನವನ್ನು ಕಲ್ಪಿಸಿಕೊಳ್ಳುವ ದಾರಿಗಳು ಅವು.

ಮನೆಯವರು ಮಾಡಬೇಕಾದುದು

ಸಾವು ಹೇಗಾಯಿತೆಂಬುದನ್ನು ಸರಳವಾಗಿ, ಸತ್ಯವಾಗಿ ತಿಳಿಸಬೇಕು. ಮರೆಮಾಚಿದ ಸಂಗತಿ ಬೇರೆಯವರ ಬಾಯಿಂದ ಕಿವಿಗೆ ಬಿದ್ದರೆ ನಂಬಿಕೆ ಒಡೆಯುತ್ತದೆ. ಕ್ರಿಯೆಗಳಲ್ಲಿ ಪಾಲ್ಗೊಳ್ಳುವ, ಒಲ್ಲದಿದ್ದರೆ ದೂರವಿರುವ ಅವಕಾಶವನ್ನು ಅವರಿಗೇ ಬಿಡಬೇಕು. ಅಗಲಿದವರ ಬಟ್ಟೆ, ಪುಸ್ತಕಗಳನ್ನು ತೆಗೆಯುವ ಮೊದಲು ಅವರನ್ನೂ ಕೇಳಬೇಕು. "ಅವನಿದ್ದಿದ್ದರೆ ಇಂಜಿನಿಯರ್ ಆಗುತ್ತಿದ್ದ, ನೀನಾದರೂ ಆಗು" ಎಂಬ ಮಾತನ್ನು ಆಡಲೇಬಾರದು. ಉಳಿದ ಮಗು ಅಗಲಿದ ಮಗುವಿನ ಬದಲಿಯಲ್ಲ.

ತಾಯಿತಂದೆಯರು ಮಕ್ಕಳೆದುರು ಅತ್ತರೆ ತಪ್ಪಿಲ್ಲ. ಅಳು ಮರ್ಯಾದೆಗೇಡಲ್ಲವೆಂದು ಗಂಡು ಮಕ್ಕಳು ಕಲಿಯುವುದು ಹಾಗೆಯೇ. ತಮ್ಮ ದುಃಖವೇ ಮಿತಿಮೀರಿದ್ದಾಗ ಸೋದರತ್ತೆ, ಚಿಕ್ಕಪ್ಪ ಅಥವಾ ನಂಬಿಕೆಯ ಶಿಕ್ಷಕರೊಬ್ಬರು ಮಗುವಿನ ಮಾತಿಗೆ ಕಿವಿಗೊಡುವಂತೆ ಕೋರಬಹುದು. ಊರಿನ ಅಜ್ಜಿಯೊಡನೆ ವಾರಕ್ಕೊಮ್ಮೆ ದೂರವಾಣಿಯಲ್ಲಿ ಮಾತನಾಡಿಸಿದರೂ ನೆನಪುಗಳನ್ನು ಹಂಚಿಕೊಳ್ಳಲು ಜೊತೆ ದೊರೆಯುತ್ತದೆ. ತರಗತಿಯ ಶಿಕ್ಷಕರಿಗೆ ವಿಷಯವನ್ನು ಮುಂಚೆಯೇ ತಿಳಿಸಬೇಕು. "ನಿನಗೆ ಅಣ್ಣತಮ್ಮಂದಿರು ಎಷ್ಟು ಜನ?" ಎಂದು ಹೊಸಬರು ಕೇಳುವ ಪ್ರಶ್ನೆ ಈ ಮಕ್ಕಳಿಗೆ ಕಠಿಣವಾದುದು. ಅಗಲಿದವನನ್ನು ಸೇರಿಸಿ ಹೇಳಿದರೂ ಬಿಟ್ಟು ಹೇಳಿದರೂ ಅದು ಸುಳ್ಳಲ್ಲವೆಂದು ಅವರಿಗೆ ತಿಳಿಹೇಳಬೇಕು. ನಾಗರ ಪಂಚಮಿ, ರಕ್ಷಾಬಂಧನ, ಮಹಾರಾಷ್ಟ್ರದ ಭಾವುಬೀಜ್, ಅಗಲಿದವರ ಹುಟ್ಟುಹಬ್ಬ ಈ ದಿನಗಳಲ್ಲಿ ನೋವು ಮರುಕಳಿಸುತ್ತದೆ. ಅಂದು ಏನು ಮಾಡುವುದೆಂದು ಮನೆಯವರೆಲ್ಲ ಮೊದಲೇ ಕೂಡಿ ಯೋಚಿಸುವುದು ಒಳಿತು.

ತಜ್ಞರ ನೆರವು ಯಾವಾಗ?

ದುಃಖ ಕಾಯಿಲೆಯಲ್ಲ. ಬಹುತೇಕ ಮಕ್ಕಳು ಮನೆಯವರ ಆಸರೆಯಿಂದಲೇ ಚೇತರಿಸಿಕೊಳ್ಳುತ್ತಾರೆ. ಆದರೆ ತೀವ್ರ ದುಃಖ ಆರು ತಿಂಗಳು ಮೀರಿಯೂ ತಗ್ಗದೆ, ಓದು, ಒಡನಾಟ, ದಿನಚರಿಗಳನ್ನು ಕುಂಠಿತಗೊಳಿಸಿದರೆ ಅದು ದೀರ್ಘಕಾಲದ ದುಃಖದ ತೊಂದರೆಯಾಗಿರಬಹುದು. 2022ರ ಜನವರಿ 1ರಂದು ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೆಯ ಆವೃತ್ತಿ ಇದನ್ನು ಗುರುತಿಸಿದೆ. ಇದಕ್ಕೆ ಚಿಕಿತ್ಸೆಯುಂಟು.

ಬದುಕು ಬೇಡವೆಂಬ ಮಾತು, "ಅಣ್ಣನ ಬಳಿಗೆ ಹೋಗುತ್ತೇನೆ" ಎಂಬ ಮಾತು, ತನಗೆ ತಾನೇ ಗಾಯ ಮಾಡಿಕೊಳ್ಳುವುದು, ಮಾದಕ ವಸ್ತುಗಳ ಸೇವನೆ ಇವು ಕಂಡುಬಂದರೆ ಒಂದು ದಿನವೂ ಕಾಯಬಾರದು. ಅಂಥ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಮೃದುವಾಗಿ ಕೇಳಬೇಕು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ; ಹೇಳಿಕೊಳ್ಳಲು ದಾರಿಯಾಗುತ್ತದೆ. ಮಗುವನ್ನು ಒಂಟಿಯಾಗಿ ಬಿಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡಬೇಕು.

ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸೇವೆಯ ದೂರವಾಣಿ ಸಂಖ್ಯೆ 14416. ದಿನದ 24 ಗಂಟೆಯೂ ಉಚಿತವಾಗಿ ದೊರೆಯುವ ಈ ಸೇವೆಯ ಭಾಷೆಗಳಲ್ಲಿ ಕನ್ನಡವೂ ಸೇರಿದೆ. 10ರಿಂದ 19 ವರ್ಷದವರಿಗಾಗಿ 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ ಹದಿಹರೆಯದವರ ಚಿಕಿತ್ಸಾಲಯಗಳಲ್ಲಿಯೂ ಆಪ್ತಸಲಹೆ ದೊರೆಯುತ್ತದೆ. ಸರ್ಕಾರ ನಡೆಸುವ ಮಾನಸಿಕ ಆರೋಗ್ಯ ಸೇವೆಯನ್ನು ಪಡೆಯುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಪ್ರಕಾರ ಪ್ರತಿಯೊಬ್ಬರ ಹಕ್ಕು.

ಪುಣೆಯ ಆ ಮನೆಯಲ್ಲಿ ಊಟಕ್ಕೆ ಕುಳಿತಾಗ ತಾಯಿ, "ಈ ಪಲ್ಯ ನಿನ್ನ ಅಣ್ಣನಿಗೆ ಬಹಳ ಇಷ್ಟ" ಎಂದರೆ ಮೂವರ ಕಣ್ಣೂ ತುಂಬಬಹುದು. ಆದರೆ ಅಣ್ಣನ ಹೆಸರನ್ನು ಹೇಳಬಹುದೆಂಬುದು ಅಂದು ಮಗಳಿಗೆ ತಿಳಿಯುತ್ತದೆ. ಅವಳು ಒಬ್ಬಳೇ ಹೊತ್ತಿದ್ದ ಭಾರದಲ್ಲಿ ಮನೆಯವರೆಲ್ಲ ಪಾಲುಗೊಳ್ಳುವುದು ಅಲ್ಲಿಂದಲೇ ಆರಂಭ.