ಉಲ್ಟಾ ಓಡಿದ ಆಟಗಾರ

ಮಕ್ಕಳೇ, ನಿಮ್ಮಲ್ಲಿ ಖೋ ಖೋ ಆಡುವವರು ಎಷ್ಟು ಮಂದಿ ಇದ್ದೀರಿ? ಆಡುವವರಿಗೆ ಒಂದು ಮಾತು ಗೊತ್ತೇ ಇರುತ್ತದೆ. ಬೆನ್ನಟ್ಟುವವನು ಒಮ್ಮೆ ಒಂದು ದಿಕ್ಕಿಗೆ ಹೊರಟನೆಂದರೆ ಕಂಬದ ತನಕ ಹಿಂದಕ್ಕೆ ತಿರುಗುವಂತಿಲ್ಲ. ತಿರುಗಿದರೆ ಫೌಲು.

ಶಹಾಪುರದಲ್ಲಿ ಎಂಟನೆಯ ತರಗತಿ ಓದುವ ನನ್ನ ಮೊಮ್ಮಗನಿಗೂ ಇದು ಚೆನ್ನಾಗಿ ಗೊತ್ತಿತ್ತು. ಆದರೂ ಯಾದಗಿರಿಯ ಪಂದ್ಯದಲ್ಲಿ, ಸುರಪುರ ಕಡೆಯ ತಂಡದ ಹುಡುಗ ಇನ್ನೇನು ಕೈಗೆ ಸಿಕ್ಕ ಎನ್ನುವಾಗ, ಇವನು ಗರ್ರನೆ ಹಿಂದಕ್ಕೆ ತಿರುಗಿಬಿಟ್ಟ. ಅಂಪೈರ್ ಸೀಟಿ ಊದಿದರು. ಆ ಹುಡುಗ ತಪ್ಪಿಸಿಕೊಂಡ. ನಮ್ಮವರು ಒಂದೇ ಒಂದು ಅಂಕದಿಂದ ಸೋತರು.

ಸೋಮವಾರ ಶಾಲೆಯಲ್ಲಿ ಯಾರೋ ಒಬ್ಬ ‘ರಿವರ್ಸ್ ಗಾಡಿ’ ಎಂದನಂತೆ. ಮಧ್ಯಾಹ್ನದ ಹೊತ್ತಿಗೆ ಇಡೀ ತರಗತಿಗೆ ಅದೇ ಹೆಸರು ಬಾಯಿಪಾಠ. ಸಂಜೆ ಮನೆಗೆ ಬಂದವನೇ ಚೀಲ ಮೂಲೆಗೆ ಎಸೆದು ಗೋಡೆ ಕಡೆ ಮುಖ ಮಾಡಿ ಮಲಗಿದ. ಅವನ ಆಯಿ ರೊಟ್ಟಿ, ಪುಂಡಿಪಲ್ಯ ಹಾಕಿಕೊಂಡು ಬಂದು ಕರೆದರೂ ಏಳಲಿಲ್ಲ.

“ನಾ ಇನ್ನ ಆಟಕ್ಕ ಹೋಗಂಗಿಲ್ಲ ಮುತ್ಯಾ. ಎಂದೂ ಹೋಗಂಗಿಲ್ಲ,” ಅಂದ.

ನಾನು ಸಮಾಧಾನ ಹೇಳಲು ಹೋಗಲಿಲ್ಲ. ಆ ವಯಸ್ಸಿನಲ್ಲಿ ಸಮಾಧಾನದ ಮಾತು ಮೈಗೆ ಚುಚ್ಚುತ್ತದೆ. “ಹೋಗಬ್ಯಾಡ ಬಿಡು. ಆದ್ರ ನಿನಗಿಂತಾ ದೊಡ್ಡ ರಿವರ್ಸ್ ಗಾಡಿ ಒಬ್ಬಾಂವ ಇದ್ದ, ಅವನ ಕಥಿ ಕೇಳು,” ಅಂದೆ. ಅವನು ತಿರುಗಿ ನೋಡಲಿಲ್ಲ. ಆದರೆ ಕಿವಿ ಈ ಕಡೆ ಬಂತು.

ಈ ಕಥೆ ನನಗೆ ಸಿಕ್ಕಿದ್ದು ಅಮೆರಿಕದಲ್ಲಿ. ಕೆಲವು ವರ್ಷಗಳ ಹಿಂದೆ ನಾನೂ ನನ್ನ ಹೆಂಡತಿಯೂ ಕ್ಯಾಲಿಫೋರ್ನಿಯಾದ ಮಗಳ ಮನೆಯಲ್ಲಿ ಆರು ತಿಂಗಳು ಇದ್ದೆವು. ಜನವರಿ 1ರಂದು ಅಳಿಯ ಬೆಳಿಗ್ಗೆಯೇ ಟಿ.ವಿ. ಹಾಕಿ ಕುಳಿತ. ಮೊದಲು ಹೂವಿನ ರಥಗಳ ದೊಡ್ಡ ಮೆರವಣಿಗೆ, ಆಮೇಲೆ ಫುಟ್‌ಬಾಲ್. ಅದಕ್ಕೆ ರೋಸ್ ಬೌಲ್ ಎಂದು ಹೆಸರು.

ಅವರ ಫುಟ್‌ಬಾಲ್ ನಮ್ಮದಲ್ಲ. ಚೆಂಡಿನ ಎರಡೂ ತುದಿ ಚೂಪು. ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಚೆಂಡು ಹಿಡಿದು 100 ಗಜದ ಮೈದಾನದಲ್ಲಿ ಎದುರಾಳಿಯ ಗೆರೆ ದಾಟಬೇಕು, ಅವರು ಕಬಡ್ಡಿಯ ಹಾಗೆ ಮೇಲೆ ಬಿದ್ದು ಕೆಡವಬೇಕು. ಗೆರೆ ದಾಟಿದರೆ 6 ಅಂಕ. ಆಮೇಲೆ ಚೆಂಡನ್ನು ಒದ್ದು ಕಂಬಗಳ ನಡುವೆ ಕಳಿಸಿದರೆ ಇನ್ನೊಂದು. ತನ್ನದೇ ಗೆರೆಯ ಹಿಂದೆ ಚೆಂಡಿನ ಸಮೇತ ಸಿಕ್ಕಿಬಿದ್ದರೆ ಎದುರಾಳಿಗೆ 2. ಈ ಲೆಕ್ಕ ನೆನಪಿಡಿ, ಮುಂದೆ ಬೇಕಾಗುತ್ತದೆ.

ಅಲ್ಲಿ ಕಾಲೇಜು ಹುಡುಗರ ಪಂದ್ಯಗಳು ಸೆಪ್ಟೆಂಬರಿನಿಂದ ನವೆಂಬರ್ ಕೊನೆಯವರೆಗೆ ನಡೆಯುತ್ತವೆ. ಅದು ಮುಗಿದ ಮೇಲೆ ಚೆನ್ನಾಗಿ ಆಡಿದ ತಂಡಗಳನ್ನು ಹೊಸ ವರ್ಷದ ಆಸುಪಾಸಿನಲ್ಲಿ ಕರೆದು ಒಂದು ದೊಡ್ಡ ಪಂದ್ಯ ಆಡಿಸುತ್ತಾರೆ. ಜಾತ್ರೆ ಮುಗಿದ ಮೇಲೆ ಗೆದ್ದ ಪೈಲ್ವಾನರನ್ನೇ ಕರೆದು ಇನ್ನೊಂದು ಕುಸ್ತಿ ಹಿಡಿಸಿದ ಹಾಗೆ. ಇಂಥ ಪಂದ್ಯಗಳಲ್ಲಿ ಹಿರಿಯದು ರೋಸ್ ಬೌಲ್. ಲಾಸ್ ಏಂಜಲೀಸ್ ಪಕ್ಕದ ಪ್ಯಾಸಡೀನಾ ಊರಿನವರು 1890ರಿಂದ ಗುಲಾಬಿ ಹಬ್ಬ ಮಾಡುತ್ತಿದ್ದರು. 1902ರಲ್ಲಿ ಮೊದಲ ಸಲ ಫುಟ್‌ಬಾಲ್ ಸೇರಿಸಿದರು. ಮಿಶಿಗನ್ ತಂಡ ಸ್ಟ್ಯಾನ್‌ಫರ್ಡ್ ತಂಡವನ್ನು 49-0 ಅಂತರದಲ್ಲಿ ಚಚ್ಚಿತು, ಸೋತವರು ವೇಳೆ ಮುಗಿಯುವ ಮೊದಲೇ ಕೈ ಎತ್ತಿದರು. ಬೇಸರವಾಗಿ ಊರವರು ಫುಟ್‌ಬಾಲ್ ಬಿಟ್ಟು ಕುದುರೆ ರಥಗಳ ಓಟ ಇಟ್ಟುಕೊಂಡರು. ಫುಟ್‌ಬಾಲ್ ಮತ್ತೆ ಬಂದದ್ದು 1916ರಲ್ಲಿ.

ಬೌಲ್ ಎಂದರೆ ಬೋಗುಣಿ. 1922ರಲ್ಲಿ ಕಟ್ಟಿದ ಮೈದಾನ ಬೋಗುಣಿಯ ಆಕಾರದಲ್ಲಿದೆ, ಅದಕ್ಕೇ ಆ ಹೆಸರು. ಮುಂದೆ ಬೇರೆ ಊರಿನವರೂ ತಮ್ಮ ತಮ್ಮ ಬೆಳೆಯ ಹೆಸರಿನಲ್ಲಿ ಬೋಗುಣಿ ಇಟ್ಟರು: ಕಿತ್ತಳೆ ಬೋಗುಣಿ, ಸಕ್ಕರೆ ಬೋಗುಣಿ, ಹತ್ತಿ ಬೋಗುಣಿ. ಈಗ ಆಲೂಗಡ್ಡೆ ಬೋಗುಣಿಯೂ ಇದೆ. ನಮ್ಮ ಜಿಲ್ಲೆಯವರು ಮನಸ್ಸು ಮಾಡಿದರೆ ತೊಗರಿ ಬೋಗುಣಿ ಇಡಬಹುದು. ಈ ಮಾತಿಗೆ ಮೊಮ್ಮಗ ಗೋಡೆ ಕಡೆಯಿಂದ ಈ ಕಡೆ ಹೊರಳಿದ.

ಈಗ ಕಥೆ. 1929ರ ಜನವರಿ 1. ಒಂದು ಕಡೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಇನ್ನೊಂದು ಕಡೆ ಆ ವರ್ಷ ಒಂದು ಪಂದ್ಯವನ್ನೂ ಸೋಲದೆ ಬಂದ ಜಾರ್ಜಿಯಾ ಟೆಕ್. 60 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಆಟದ ಎರಡನೆಯ ಭಾಗ ನಡೆದಿತ್ತು, ಎರಡೂ ಕಡೆ ಸೊನ್ನೆ. ಟೆಕ್ ಆಟಗಾರನ ಕೈಯಿಂದ ಚೆಂಡು ಜಾರಿ ಬಿತ್ತು. ಕ್ಯಾಲಿಫೋರ್ನಿಯಾದ ರಾಯ್ ರೀಗಲ್ಸ್, 20 ವರ್ಷದ ಹುಡುಗ, ಗಬಕ್ಕನೆ ಎತ್ತಿಕೊಂಡ. ಎದುರಾಳಿಯ ಗೆರೆ ಹತ್ತಿರದಲ್ಲೇ ಇತ್ತು. ಆದರೆ ಮೈಮೇಲೆ ಬಂದವರನ್ನು ತಪ್ಪಿಸಿಕೊಳ್ಳಲು ಗಿರ್ರನೆ ಸುತ್ತಿದ, ಸುತ್ತುವಾಗ ದಿಕ್ಕು ತಪ್ಪಿತು. ತನ್ನದೇ ತಂಡದ ಗೆರೆಯ ಕಡೆ ಓಡತೊಡಗಿದ!

ಜನ ಕೂಗುತ್ತಿದ್ದರು. ತನ್ನನ್ನು ಹುರಿದುಂಬಿಸುತ್ತಿದ್ದಾರೆ ಎಂದೇ ರಾಯ್ ತಿಳಿದ. ಅವನ ತಂಡದಲ್ಲಿ ಬೆನ್ನಿ ಲಾಮ್ ಎಂಬ ಚುರುಕು ಓಟಗಾರನಿದ್ದ. ಅವನು ‘ನಿಲ್ಲು, ನಿಲ್ಲು’ ಎಂದು ಒದರುತ್ತ ಬೆನ್ನು ಹತ್ತಿದ. ಚೆಂಡು ತನಗೆ ಕೊಡು ಅನ್ನುತ್ತಿದ್ದಾನೆ ಎಂದುಕೊಂಡು ರಾಯ್ ಇನ್ನೂ ಜೋರಾಗಿ ಓಡಿದನಂತೆ. ಸುಮಾರು 65 ಗಜ ಓಡಿದ ಮೇಲೆ, ಗೆರೆಗೆ ಕೆಲವೇ ಹೆಜ್ಜೆ ಇರುವಾಗ ಬೆನ್ನಿ ಅವನನ್ನು ಹಿಡಿದು ತಿರುಗಿಸಿದ. ಅಷ್ಟರಲ್ಲಿ ಟೆಕ್ ಹುಡುಗರು ಬಂದು ಗೆರೆಯಿಂದ ಒಂದೇ ಗಜ ದೂರದಲ್ಲಿ ಕೆಡವಿದರು. ಅಪಾಯ ತಪ್ಪಿಸಲು ಕ್ಯಾಲಿಫೋರ್ನಿಯಾದವರು ಚೆಂಡನ್ನು ದೂರ ಒದೆಯಲು ನೋಡಿದರು. ಎದುರಾಳಿ ಅಡ್ಡ ಬಂದು ಅದನ್ನು ತಡೆದ. ಟೆಕ್‌ಗೆ 2 ಅಂಕ.

“ಮುಂದ?” ಮೊಮ್ಮಗ ಎದ್ದು ಕುಳಿತಿದ್ದ.

ಅರ್ಧ ಆಟ ಮುಗಿಯಿತು. ಒಳಗೆ ಕೋಣೆಯಲ್ಲಿ ರಾಯ್ ಮುಖ ಮುಚ್ಚಿಕೊಂಡು ಅಳುತ್ತಿದ್ದ. ಕೋಚ್ ನಿಬ್ಸ್ ಪ್ರೈಸ್ ಹೆಚ್ಚು ಮಾತಾಡಲಿಲ್ಲ. ಮೊದಲ ಅರ್ಧ ಆಡಿದವರೇ ಎರಡನೆಯ ಅರ್ಧಕ್ಕೂ ಇಳಿಯುತ್ತಾರೆ ಅಂದರು. ಎಲ್ಲರೂ ಎದ್ದರು, ರಾಯ್ ಏಳಲಿಲ್ಲ. ನಾನು ನಿಮ್ಮನ್ನೂ ಹಾಳು ಮಾಡಿದೆ, ಕಾಲೇಜನ್ನೂ ಹಾಳು ಮಾಡಿದೆ, ಆ ಜನಕ್ಕೆ ಮುಖ ತೋರಿಸಲಾರೆ ಅಂದ. ಕೋಚ್ ಅವನ ಹೆಗಲ ಮೇಲೆ ಕೈ ಇಟ್ಟು, ಏಳು, ಆಟ ಇನ್ನೂ ಅರ್ಧವೇ ಮುಗಿದಿದೆ ಅಂದರು. ರಾಯ್ ಎದ್ದು ಹೋದ. ಎರಡನೆಯ ಅರ್ಧದಲ್ಲಿ ಚೆನ್ನಾಗಿ ಆಡಿದ, ಟೆಕ್‌ನವರು ಒದ್ದ ಚೆಂಡೊಂದನ್ನು ಅಡ್ಡ ಬಂದು ತಡೆದ.

“ಗೆದ್ರಾ?”

ಇಲ್ಲ. ನಿಮಗೂ ಸುಳ್ಳು ಹೇಳುವುದಿಲ್ಲ, ಅವನಿಗೂ ಹೇಳಲಿಲ್ಲ. ಟೆಕ್ ಇನ್ನೊಮ್ಮೆ ಗೆರೆ ದಾಟಿತು, 2ಕ್ಕೆ 6 ಸೇರಿ 8. ಕ್ಯಾಲಿಫೋರ್ನಿಯಾ ಕೊನೆಯಲ್ಲಿ ಒಮ್ಮೆ ದಾಟಿ, ಒದ್ದೂ ಗಳಿಸಿತು, 6ಕ್ಕೆ 1 ಸೇರಿ 7. ಸೋತದ್ದು ಒಂದೇ ಅಂಕದಿಂದ. ಆ 2 ಅಂಕ ಹೋಗದಿದ್ದರೆ? ಈ ಲೆಕ್ಕ ಎಲ್ಲರೂ ಮಾಡಿದರು. ಪತ್ರಿಕೆಗಳು ಅವನನ್ನು ‘ಉಲ್ಟಾ ರೀಗಲ್ಸ್’ ಎಂದು ಕರೆದವು. ಜೀವನಪೂರ್ತಿ ಆ ಹೆಸರು ಹೋಗಲಿಲ್ಲ.

ಇಲ್ಲಿ ನನ್ನದೂ ಒಂದು ಉಲ್ಟಾ ಓಟವನ್ನು ಹೇಳಿಬಿಡುತ್ತೇನೆ. ನೌಕರಿಗೆ ಸೇರಿ ಎರಡು ವರ್ಷವೂ ಆಗಿರಲಿಲ್ಲ. ಆಗ ಕಂಪ್ಯೂಟರ್ ಇಲ್ಲ, ದಪ್ಪ ಲೆಜರು, ಶಾಯಿ ಪೆನ್ನು. ಒಬ್ಬ ರೈತನ ಶೇಂಗಾ ಮಾರಿದ ಹಣವನ್ನು ಅದೇ ಹೆಸರಿನ ಇನ್ನೊಬ್ಬನ ಖಾತೆಗೆ ಜಮಾ ಮಾಡಿದೆ. ಇಂಥ ತಪ್ಪು ಸಂಜೆಯ ಲೆಕ್ಕದಲ್ಲಿ ಸಿಗುವುದಿಲ್ಲ, ಏಕೆಂದರೆ ಮೊತ್ತ ಪೈಸೆಗೆ ಪೈಸೆ ಸರಿಯಾಗಿಯೇ ಇರುತ್ತದೆ. ಮಗಳ ಮದುವೆಗೆಂದು ಹಣ ತೆಗೆಯಲು ಬಂದ ರೈತ, ಖಾತೆಯಲ್ಲಿ ಹಣವಿಲ್ಲ ಎಂದು ಕೇಳಿ ಕೌಂಟರಿನ ಮುಂದೆಯೇ ಕುಸಿದು ಕುಳಿತ. ತಪ್ಪು ಹುಡುಕಿ ಸರಿಪಡಿಸಲು ಸಂಜೆಯಾಯಿತು. ನನ್ನನ್ನು ಬೇರೆ ಟೇಬಲ್ಲಿಗೆ ಹಾಕಿ ಎಂದು ಮ್ಯಾನೇಜರನ್ನು ಬೇಡಿಕೊಂಡೆ. ಅವರು ಚೆನ್ನಾಗಿ ಬೈದರು, ಮರುದಿನ ಬೆಳಿಗ್ಗೆ ಅದೇ ಲೆಜರನ್ನು ನನ್ನ ಮುಂದೆ ಇಟ್ಟು ಹೋದರು. ವಾರದ ಮೇಲೆ ಆ ರೈತ ಮತ್ತೆ ಬಂದ. ಪಕ್ಕದ ಕೌಂಟರ್ ಖಾಲಿ ಇದ್ದರೂ ಪಾಸ್‌ಬುಕ್ಕನ್ನು ನನ್ನ ಕಡೆಗೇ ಚಾಚಿದ.

ರಾಯ್ ವಿಷಯಕ್ಕೆ ಬರೋಣ. ಅದೇ 1929ರ ಮುಂದಿನ ಋತುವಿಗೆ ಕ್ಯಾಲಿಫೋರ್ನಿಯಾ ತಂಡದ ಕ್ಯಾಪ್ಟನ್ ಆದವನು ಅವನೇ. ಮುಂದೆ ಸ್ವಂತ ಕಂಪನಿ ನಡೆಸಿದ. 1957ರಲ್ಲಿ ಕ್ಯಾಲಿಫೋರ್ನಿಯಾದ ಒಬ್ಬ ಹೈಸ್ಕೂಲ್ ಹುಡುಗ ಹೀಗೆಯೇ ಚೆಂಡು ಹಿಡಿದು ಉಲ್ಟಾ ಓಡಿದ. ಸುದ್ದಿ ಓದಿದ ರಾಯ್ ಆ ಹುಡುಗನಿಗೆ ಪತ್ರ ಬರೆದ. ಜನ ನಕ್ಕಾಗ ನಾನೂ ಜೊತೆಗೆ ನಗಬೇಕಾಯಿತು, ಕೇಳಿ ಕೇಳಿ ಸಾಕಾಯಿತು, ಆದರೆ ಪ್ರಪಂಚದಲ್ಲಿ ಅದೇ ದೊಡ್ಡ ಸಂಗತಿಯೇನಲ್ಲ, ನೀನೂ ಇದನ್ನು ದಾಟುತ್ತೀಯ ಎಂಬುದು ಅದರ ಸಾರಾಂಶ. 1991ರಲ್ಲಿ ರೋಸ್ ಬೌಲ್‌ನವರು ತಮ್ಮ ಗೌರವ ಪಟ್ಟಿಯಲ್ಲಿ ರಾಯ್ ಹೆಸರು ಸೇರಿಸಿದರು. ಅವನು ತೀರಿಕೊಂಡದ್ದು 1993ರಲ್ಲಿ, 84ನೆಯ ವಯಸ್ಸಿನಲ್ಲಿ.

ಮೊಮ್ಮಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಅವನು ರಾಯ್ ಬಗ್ಗೆ ಕೇಳುತ್ತಾನೆ ಅಂದುಕೊಂಡೆ.

“ಮುತ್ಯಾ, ಆ ಬೆನ್ನಿ ಲಾಮ್ ಹಂಗ ನಮ್ಮ ಟೀಮಿನ್ಯಾಗೂ ಒಬ್ಬಾಂವ ಒದರಿದ್ದ. ‘ತಿರಗಬ್ಯಾಡೋ’ ಅಂತ. ನಂಗ ಕೇಳಿಸ್ಲೇ ಇಲ್ಲ. ಇವತ್ತ ಅವ ಮಾತಾಡ್ಸಾಕ ಬಂದ್ರ ನಾ ಮಾರಿ ತಿರುವಿ ಬಂದೆ.”

“ಅವನ ಮನಿ ಎಲ್ಲೈತಿ?”

“ಇಲ್ಲೇ, ಬಸ್‌ಸ್ಟ್ಯಾಂಡ್ ಹಿಂದ.” ಚಪ್ಪಲಿ ಮೆಟ್ಟಿಕೊಂಡು ಬಾಗಿಲ ತನಕ ಹೋದವನು ತಿರುಗಿ, “ಆಯಿ, ರೊಟ್ಟಿ ಮುಚ್ಚಿಡು,” ಎಂದು ಕೂಗಿ ಓಡಿದ.

ದೀಪ ಹಚ್ಚುವ ಹೊತ್ತಿಗೆ ಬಂದ. ಎರಡೂ ಮೊಣಕಾಲಿಗೆ ಧೂಳು ಮೆತ್ತಿತ್ತು. ನಾಲ್ಕು ರೊಟ್ಟಿ ತಿಂದ.