ಪಿಸ್ತೂಲು ಚಿಕ್ಕದಾದಷ್ಟೂ ಕೈಗೆ ಸುಲಭವೇ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

‘ವಯಸ್ಸಾದವರೂ ಸಲೀಸಾಗಿ ಬಳಸಬಹುದಾದ ಪುಟ್ಟ ಪಿಸ್ತೂಲು’. ಇಂಥ ತಲೆಬರಹದ ವಿಡಿಯೊ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ತೋಟದ ಮನೆಗಳಲ್ಲಿ ವಯಸ್ಸಾದವರಷ್ಟೇ ಉಳಿದು, ಮಕ್ಕಳು ಬೆಂಗಳೂರು ಸೇರಿರುವುದು ಹೊಸ ಸಂಗತಿಯೇನಲ್ಲ. ಒಂದು ಕಡೆ ಕಳ್ಳರ ಭಯ, ಇನ್ನೊಂದು ಕಡೆ ಚಿರತೆ ಭಯ. ‘ಅಪ್ಪನಿಗೆ ಇಂಥದ್ದೊಂದು ಕೊಡಿಸಿಬಿಡೋಣವೇ?’ ಎಂಬ ಯೋಚನೆ ಬರುವುದು ಸಹಜ.

ಚುಟುಕಾಗಿ ಹೇಳುವುದಾದರೆ, ಪಿಸ್ತೂಲು ಚಿಕ್ಕದಾದ ಮಾತ್ರಕ್ಕೆ ಸುಲಭವಾಗುವುದಿಲ್ಲ. ಎಷ್ಟೋ ಸಲ ಅದು ಉಲ್ಟಾ. ಹೇಗೆ ಎಂಬುದನ್ನು ಒಂದೊಂದಾಗಿ ನೋಡೋಣ.

ಗುಂಡು ತುಂಬಲು ಕೈಗೆ ಏನೇನು ಕೆಲಸ?

ಮ್ಯಾಗಜೀನ್ ಇರುವ ಪಿಸ್ತೂಲಿನಲ್ಲಿ ಮೊದಲು ಹೆಬ್ಬೆರಳಿನಿಂದ ಸ್ಪ್ರಿಂಗ್ ಒತ್ತಿ ಒಂದೊಂದೇ ಗುಂಡನ್ನು ಮ್ಯಾಗಜೀನಿಗೆ ಸೇರಿಸಬೇಕು. ಆಮೇಲೆ ಪಿಸ್ತೂಲಿನ ಮೇಲ್ಭಾಗವನ್ನು, ಅಂದರೆ ಸ್ಲೈಡನ್ನು, ಪೂರ್ತಿ ಹಿಂದಕ್ಕೆಳೆದು ಬಿಡಬೇಕು. ಆಗ ಮೊದಲ ಗುಂಡು ನಳಿಕೆಯ ಹಿಂಬದಿಯ ಕೋಣೆಗೆ ಹೋಗಿ ಕೂರುತ್ತದೆ.

ಸಂಧಿವಾತ ಇರುವವರಿಗೆ, ಹೆಬ್ಬೆರಳ ಬುಡದ ಕೀಲು ಸವೆದವರಿಗೆ ಈ ಎರಡು ಕೆಲಸವೇ ಕಷ್ಟ. ಬೆರಳ ತುದಿಯಲ್ಲಿ ಹಿಡಿದು ಎಳೆಯಲು ಬೇಕಾದ ಬಲವೇ ಅವರಲ್ಲಿ ಮೊದಲು ಕಡಿಮೆಯಾಗಿರುತ್ತದೆ.

ವಿಡಿಯೊಗಳು ಹೇಳದ ಮುಖ್ಯ ಮಾತು ಇನ್ನೊಂದಿದೆ. ಸ್ಲೈಡ್ ಎಳೆಯಲಾಗದವರಿಗೆ ಪಿಸ್ತೂಲನ್ನು ಖಾಲಿ ಮಾಡಲೂ ಆಗುವುದಿಲ್ಲ. ಮ್ಯಾಗಜೀನ್ ತೆಗೆದರೆ ಪಿಸ್ತೂಲು ಖಾಲಿ ಎಂದು ಹಲವರು ನಂಬಿದ್ದಾರೆ. ಕೋಣೆಯಲ್ಲಿ ಕೂತ ಒಂದು ಗುಂಡು ಅಲ್ಲೇ ಇರುತ್ತದೆ. ಅದು ಹೊರಬರಬೇಕಾದರೆ ಸ್ಲೈಡ್ ಎಳೆಯಲೇಬೇಕು. ರಜೆಗೆ ಬಂದ ಮೊಮ್ಮಕ್ಕಳು ಓಡಾಡುವ ಮನೆಯಲ್ಲಿ ಆ ಒಂದು ಗುಂಡು ಸಾಕು, ಅನಾಹುತಕ್ಕೆ.

ತಪ್ಪು ಕಲ್ಪನೆ 1: ಪುಟ್ಟ ಪಿಸ್ತೂಲು, ಕಡಿಮೆ ಶ್ರಮ

ವಾಸ್ತವ: ಗುಂಡು ಹಾರಿದಾಗ ಸ್ಲೈಡ್ ರಭಸದಿಂದ ಹಿಂದಕ್ಕೆ ಬರುತ್ತದೆ. ಅದನ್ನು ತಡೆಯುವುದು ಸ್ಲೈಡಿನ ತೂಕ ಮತ್ತು ಒಳಗಿನ ಸ್ಪ್ರಿಂಗ್. ಸ್ಲೈಡ್ ಚಿಕ್ಕದಾಗಿ ಹಗುರಾದರೆ ಸ್ಪ್ರಿಂಗ್ ಬಿಗಿಯಾಗಬೇಕಾಗುತ್ತದೆ. ಜೊತೆಗೆ ಹಿಡಿಯಲು ಜಾಗವೂ ಕಡಿಮೆ. ಅಗಲ ಬಾಯಿಯ ಉಪ್ಪಿನಕಾಯಿ ಭರಣಿಯ ಮುಚ್ಚಳಕ್ಕೆ ಇಡೀ ಅಂಗೈ ಕೊಟ್ಟು ತಿರುಗಿಸಬಹುದು. ಔಷಧಿ ಬಾಟಲಿಯ ಬಿಗಿಯಾದ ಪುಟ್ಟ ಮುಚ್ಚಳ ಬೆರಳ ತುದಿಗೇ ಬೀಳುತ್ತದೆ. ವ್ಯತ್ಯಾಸ ಇಷ್ಟೇ.

ಹಗುರವಾದಷ್ಟೂ ಅದೇ ಗುಂಡಿಗೆ ಕೈಗೆ ಬೀಳುವ ಒದೆತವೂ ಹೆಚ್ಚು. ಹಿಡಿತ ಸಡಿಲವಾಗಿದ್ದರೆ ಸ್ಲೈಡ್ ಪೂರ್ತಿ ಹಿಂದೆ ಸರಿಯದೆ ಪಿಸ್ತೂಲು ಸಿಕ್ಕಿಹಾಕಿಕೊಳ್ಳಬಹುದು. ಅದನ್ನು ಬಿಡಿಸಲು ಮತ್ತೆ ಸ್ಲೈಡನ್ನೇ ಎಳೆಯಬೇಕು!

ತಪ್ಪು ಕಲ್ಪನೆ 2: ಬೋರ್ ಚಿಕ್ಕದಿದ್ದರೆ ಸ್ಪ್ರಿಂಗ್ ಸಡಿಲ

ವಾಸ್ತವ: ಬೋರ್‌ಗಿಂತ ಒಳಗಿನ ರಚನೆ ಮುಖ್ಯ. .32 ಬೋರಿನ ಹೆಚ್ಚಿನ ಪಿಸ್ತೂಲುಗಳಲ್ಲಿ ನಳಿಕೆ ಮತ್ತು ಸ್ಲೈಡನ್ನು ಬೆಸೆದು ಹಿಡಿಯುವ ಲಾಕ್ ಇರುವುದಿಲ್ಲ. ಸ್ಲೈಡಿನ ತೂಕ, ಸ್ಪ್ರಿಂಗಿನ ಬಿಗಿತವೇ ಎಲ್ಲವನ್ನೂ ತಡೆದುಕೊಳ್ಳಬೇಕು. ಹೀಗಾಗಿ ಲಾಕ್ ಇರುವ ದೊಡ್ಡ ಬೋರಿನ ಪಿಸ್ತೂಲಿಗಿಂತ ಇವುಗಳ ಸ್ಲೈಡ್ ಬಿಗಿಯಾಗಿರುವುದೂ ಉಂಟು.

ತಪ್ಪು ಕಲ್ಪನೆ 3: ರಿವಾಲ್ವರ್ ಕೊಂಡರೆ ಸಮಸ್ಯೆಯೇ ಇಲ್ಲ

ವಾಸ್ತವ: ಅರ್ಧ ನಿಜ. ರಿವಾಲ್ವರಿನಲ್ಲಿ ಸ್ಲೈಡ್ ಇಲ್ಲ, ಮ್ಯಾಗಜೀನ್ ಇಲ್ಲ. ಸಿಲಿಂಡರ್ ತೆರೆದು ಗುಂಡು ಇಟ್ಟರಾಯಿತು. ಖಾಲಿ ಇದೆಯೇ ಎಂಬುದೂ ಕಣ್ಣಿಗೇ ಕಾಣುತ್ತದೆ. ಆದರೆ ಹ್ಯಾಮರನ್ನು ಮೊದಲೇ ಎಳೆದಿಡದೆ ಹಾರಿಸುವುದಾದರೆ, ಸಿಲಿಂಡರ್ ತಿರುಗಿಸುವ, ಹ್ಯಾಮರ್ ಎತ್ತುವ ಕೆಲಸವೆಲ್ಲ ಟ್ರಿಗರ್ ಬೆರಳಿಗೇ ಬೀಳುತ್ತದೆ. ಕೆಲವು ರಿವಾಲ್ವರುಗಳಲ್ಲಿ ಇದಕ್ಕೆ 5 ಕೆಜಿಗೂ ಹೆಚ್ಚಿನ ಎಳೆತ ಬೇಕು. ಬೆರಳ ಗೆಣ್ಣು ಊದಿಕೊಂಡವರಿಗೆ ಇದೂ ಕಷ್ಟವೇ.

ನಮ್ಮ ದೇಶದ ಉದಾಹರಣೆ ನೋಡಿ. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ‘ನಿರ್ಭೀಕ್’ ಎಂಬ .32 ಬೋರ್ ರಿವಾಲ್ವರನ್ನು ಹೊರತಂದಿತು. ತೂಕ ಸುಮಾರು 500 ಗ್ರಾಂ, ಬೆಲೆ ಆಗ ಸುಮಾರು 1.22 ಲಕ್ಷ ರೂಪಾಯಿ. ಮಹಿಳೆಯರಿಗೆಂದೇ ಹಗುರಾಗಿ ಮಾಡಿದ್ದು ಎಂದು ಪ್ರಚಾರವಾಯಿತು. 2023ರಲ್ಲಿ ಕಾನ್ಪುರದಿಂದಲೇ ‘ಪ್ರಬಲ್’ ಬಂತು. ಇದೂ .32 ಬೋರ್, ತೂಕ ಮಾತ್ರ ಸುಮಾರು 700 ಗ್ರಾಂ. ಇದರ ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳುತ್ತದೆ, ಗುಂಡು ತುಂಬಲು ರಿವಾಲ್ವರನ್ನೇ ಮಡಚಬೇಕಿಲ್ಲ. ಅಂದರೆ ಇಲ್ಲಿ ತುಂಬುವ ಕೆಲಸ ಸುಲಭವಾಗಿರುವುದು ತೂಕ ಇಳಿಸಿದ್ದರಿಂದಲ್ಲ, ತೆರೆಯುವ ರೀತಿ ಬದಲಿಸಿದ್ದರಿಂದ.

ವಿಡಿಯೊದಲ್ಲಿರುವುದು ತುಮಕೂರಿನಲ್ಲಿ ಸಿಗುತ್ತದೆಯೇ?

ದುರ್ಬಲ ಕೈಗಳಿಗೆಂದೇ ರೂಪಿಸಿದ ಪಿಸ್ತೂಲುಗಳು ಅಮೆರಿಕದಲ್ಲಿವೆ. 2018ರಲ್ಲಿ ಬಂದ ಸ್ಮಿತ್ ಆ್ಯಂಡ್ ವೆಸನ್ ಕಂಪನಿಯ ಶೀಲ್ಡ್ ಇಜಡ್ ಅಂಥದ್ದು. ಆದರೆ ಅಲ್ಲಿಯ ವಿಡಿಯೊ ನೋಡಿ ಇಲ್ಲಿ ಕೊಳ್ಳಲಾಗದು. ವಿದೇಶಿ ಪಿಸ್ತೂಲನ್ನು ಸಾಮಾನ್ಯ ನಾಗರಿಕರು ತರಿಸಿಕೊಳ್ಳುವಂತಿಲ್ಲ. ಅಲ್ಲಿ ಮಾಮೂಲಾದ 9 ಎಂಎಂ ಇಲ್ಲಿ ನಿಷೇಧಿತ ಬೋರ್.

ಉಳಿದ ನಿಯಮಗಳೂ ಸ್ಪಷ್ಟವಾಗಿವೆ:

- 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿ ಕಡ್ಡಾಯ. ಹೆಂಗಸರಿಗೆ, ಹಿರಿಯರಿಗೆ ವಿನಾಯಿತಿ ಇಲ್ಲ. ಅರ್ಜಿ ಹೋಗುವುದು ಜಿಲ್ಲಾಧಿಕಾರಿಗೆ, ಪೊಲೀಸ್ ವರದಿಯೂ ಬೇಕು.
- 2016ರ ನಿಯಮಗಳ ಪ್ರಕಾರ ವೈದ್ಯಕೀಯ ಪ್ರಮಾಣಪತ್ರ ಮತ್ತು ಸುರಕ್ಷತಾ ತರಬೇತಿ ಬೇಕು.
- ಪರವಾನಗಿ ವ್ಯಕ್ತಿಗೆ, ಮನೆಗಲ್ಲ. ಮಗ ತನ್ನ ಹೆಸರಿನಲ್ಲಿ ಕೊಂಡು, ಊರಿನಲ್ಲಿರುವ ಅಪ್ಪನ ಕೈಗೆ ಕೊಟ್ಟು ಬರುವಂತಿಲ್ಲ.
- ಪರವಾನಗಿ ಇಲ್ಲದೆ ಇಟ್ಟುಕೊಂಡರೆ, 2019ರ ತಿದ್ದುಪಡಿಯ ನಂತರ, 2ರಿಂದ 5 ವರ್ಷ ಜೈಲು ಮತ್ತು ದಂಡ. ನಿಷೇಧಿತ ಬೋರ್ ಆದರೆ ಶಿಕ್ಷೆ ಇನ್ನೂ ಹೆಚ್ಚು.

ಚಿರತೆಗೆ ಪಿಸ್ತೂಲು ಉತ್ತರವೇ?

2019ರ ಕೊನೆ ಮತ್ತು 2020ರ ಆರಂಭದಲ್ಲಿ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳಲ್ಲಿ ಚಿರತೆ ದಾಳಿಗೆ ಮಕ್ಕಳೂ ಸೇರಿ ಕೆಲವರು ಬಲಿಯಾದರು. ಆ ಭಯ ಸುಳ್ಳಲ್ಲ. ಆದರೆ ಚಿರತೆ ಹೊಂಚು ಹಾಕಿ ಸದ್ದಿಲ್ಲದೆ ಮೇಲೆ ಬೀಳುವ ಪ್ರಾಣಿ. ಪಿಸ್ತೂಲು ತೆಗೆದು, ನಡುಗುವ ಕೈಯಲ್ಲಿ ಸ್ಲೈಡ್ ಎಳೆಯುವಷ್ಟು ಹೊತ್ತು ಅದು ಕೊಡುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಚಿರತೆ ಮೊದಲ ಪಟ್ಟಿಯಲ್ಲಿದೆ. ಪ್ರಾಣ ಉಳಿಸಿಕೊಳ್ಳಲು ನಿಜವಾಗಿ ಅನಿವಾರ್ಯವಾದಾಗ ಕೊಂದರೆ ಅಪರಾಧವಲ್ಲ, ಹುಡುಕಿಕೊಂಡು ಹೋಗಿ ಹೊಡೆದರೆ ಅಪರಾಧ. ಸಂಜೆ ಒಬ್ಬರೇ ತೋಟಕ್ಕೆ ಹೋಗದಿರುವುದು, ಮಕ್ಕಳನ್ನು ಕತ್ತಲಲ್ಲಿ ಹೊರಗೆ ಬಿಡದಿರುವುದು, ಅಂಗಳಕ್ಕೆ ಬೆಳಕು, ಗಟ್ಟಿಯಾದ ಕೊಟ್ಟಿಗೆ, ಚಿರತೆ ಕಂಡರೆ ಅರಣ್ಯ ಇಲಾಖೆಯ 1926ಕ್ಕೆ ಕರೆ. ಇವು ಹೆಚ್ಚು ಕೆಲಸಕ್ಕೆ ಬರುತ್ತವೆ.

ಪರವಾನಗಿ ಇದ್ದು, ಕೊಳ್ಳಲೇಬೇಕಾದರೆ

ಅಧಿಕೃತ ಅಂಗಡಿಯಲ್ಲಿ, ಖಾಲಿ ಎಂದು ಖಚಿತಪಡಿಸಿಕೊಂಡ ಆಯುಧದಲ್ಲಿ, ಬಳಸುವವರೇ ಹೀಗೆ ಪರೀಕ್ಷಿಸಬೇಕು:

1. ಸ್ಲೈಡನ್ನು ಸತತ ಐದು ಸಲ ಪೂರ್ತಿ ಎಳೆಯಿರಿ. ಮೊದಲ ಸಲ ಹಲವರಿಗೆ ಆಗಬಹುದು, ಲೆಕ್ಕಕ್ಕೆ ಬರುವುದು ಐದನೆಯದು. ಬೆರಳ ತುದಿಯಲ್ಲಿ ಎಳೆಯುವ ಬದಲು ಅಂಗೈ ತುಂಬ ಸ್ಲೈಡ್ ಹಿಡಿದು, ಹಿಡಿಕೆಯ ಕೈಯನ್ನು ಮುಂದಕ್ಕೆ ತಳ್ಳಿ ನೋಡಿ. ಆಗ ತೋಳು, ಭುಜದ ಬಲ ಸಿಗುತ್ತದೆ. ಮೂತಿ ಯಾರ ಕಡೆಗೂ ತಿರುಗಬಾರದು.
2. ಸ್ಲೈಡನ್ನು ಹಿಂದೆ ಹಿಡಿದು ಲಾಕ್ ಮಾಡಿ, ಕೋಣೆ ಖಾಲಿಯೇ ಎಂದು ನೋಡಲು ಆಗುತ್ತದೆಯೇ?
3. ನಕಲಿ ಗುಂಡುಗಳಿಂದ ಮ್ಯಾಗಜೀನ್ ತುಂಬಲು ಆಗುತ್ತದೆಯೇ? ಇದಕ್ಕೆ ನೆರವಾಗುವ ಲೋಡರ್ ಎಂಬ ಸಾಧನವೂ ಇದೆ.
4. ರಿವಾಲ್ವರಾದರೆ, ಅಂಗಡಿಯವರ ಅನುಮತಿ ಪಡೆದು ಟ್ರಿಗರನ್ನು ಹತ್ತು ಸಲ ಎಳೆಯಿರಿ. ಕೈ ಅಲುಗಾಡುತ್ತಿದೆಯೇ ಗಮನಿಸಿ.

ಕೀಲುನೋವು ಹೆಚ್ಚಾಗಿರುವ ದಿನವೇ ಹೋಗಿ ನೋಡಿ. ಎರಡನೆಯ ಪರೀಕ್ಷೆಯಲ್ಲಿ ಸೋತರೆ ಆ ಪಿಸ್ತೂಲು ನಿಮ್ಮದಲ್ಲ, ಎಷ್ಟೇ ಮುದ್ದಾಗಿ ಕಂಡರೂ.

ಕೊನೆಯ ಮಾತು

‘ಪುಟ್ಟದು, ಹಗುರ, ಹಿರಿಯರಿಗೆ ಸುಲಭ’ ಎಂಬ ಮಾತು ಪೂರ್ತಿ ನಿಜವಲ್ಲ. ತುಂಬಲು, ಹಿಡಿಯಲು, ಮುಖ್ಯವಾಗಿ ಖಾಲಿ ಮಾಡಲು ಆಗುವುದೇ ಸುಲಭದ ಆಯುಧ. ಇದ್ಯಾವುದೂ ಆಗದ ಕೈಗೆ ಗಟ್ಟಿ ಬಾಗಿಲು, ಅಕ್ಕಪಕ್ಕದವರ ನಂಟು, ಫೋನಿನಲ್ಲಿ 112, ಇವೇ ಹೆಚ್ಚು ರಕ್ಷಣೆ. ಮುಂದಿನ ಸಲ ಅಂಥ ವಿಡಿಯೊ ಬಂದರೆ, ಅದರ ಜೊತೆ ಈ ಮಾತನ್ನೂ ಗ್ರೂಪಿಗೆ ಕಳುಹಿಸಿ.